ಒಂದೇ ಹೆಸರಿನ ಇಬ್ಬರಲ್ಲಿ ಚಿಕ್ಕವಳು

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಕತೆಗಾರ್ತಿಯಲ್ಲ. ಹಗಲು ಲಾಂಡ್ರಿಯೊಂದರ ಕೌಂಟರಿನಲ್ಲಿ ಕೂತು, ಸಂಜೆ ತರಗತಿಗೆ ಹೋಗಿ, ಮೂವತ್ತು ದಾಟಿದ ಮೇಲೆ ಗ್ರಂಥಾಲಯದ ಡಿಪ್ಲೊಮಾ ಮಾಡಿಕೊಂಡವಳು. ಅಲ್ಲಿ ಕಲಿಸಿದ್ದು ಯಾವ ವಸ್ತುವನ್ನು ಯಾವ ಹೆಸರಿನಡಿ ಇಡಬೇಕು ಎಂಬುದನ್ನು ಮಾತ್ರ. ಒಬ್ಬ ಹೆಂಗಸಿನ ಬದುಕನ್ನು ಎಲ್ಲಿಂದ ಶುರುಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಯಾವ ಪಾಠದಲ್ಲೂ ಇರಲಿಲ್ಲ. ಅದೂ ಅಲ್ಲದೆ ಇದು ನನ್ನ ದೊಡ್ಡಮ್ಮನ ವಿಷಯ. ಮನೆಯ ಮಾತನ್ನು ಬೀದಿಗೆ ತಂದಳು ಎಂದು ಅಮ್ಮ ಬೈಯಬಹುದು. ಬೈದರೆ ಅದರಲ್ಲಿ ತಪ್ಪೇನೂ ಇಲ್ಲ.

ಇನ್ನೊಂದು ಮಾತು. ದೊಡ್ಡಮ್ಮನ ಹುಟ್ಟುಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದ ತಕ್ಷಣ ನಿಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಅವಳಲ್ಲ, ಇನ್ನೊಬ್ಬರು. ಇಡೀ ತೊಂದರೆಯೇ ಅದು.

ನಾನು ಕೆಲಸ ಮಾಡುವುದು ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಮುಚ್ಚಿಹೋದ ನಾಟಕ ಕಂಪನಿಗಳ ಸಾಮಾನೆಲ್ಲ ಅಲ್ಲಿದೆ: ಪೋಸ್ಟರುಗಳು, ಫೋಟೋಗಳು, ಧ್ವನಿಸುರುಳಿಗಳು, ನುಸಿ ಹಿಡಿದ ಪೋಷಾಕುಗಳು. ಕಿಟಕಿಯಿಲ್ಲ. ಗಾಳಿಯ ತೇವ ಹೀರುವ ಯಂತ್ರವೊಂದು ದಿನವಿಡೀ ಗೊರಕೆ ಹೊಡೆಯುತ್ತಿರುತ್ತದೆ. ಒಂದೊಂದು ವಸ್ತುವನ್ನೂ ನೋಡಿ, ಅದರಲ್ಲಿರುವ ಕಲಾವಿದರ ಹೆಸರಿಗೆ ಅದನ್ನು ಸೇರಿಸುವುದು ನನ್ನ ಕೆಲಸ. ಒಬ್ಬರಿಗೆ ಒಂದೇ ನಮೂದು, ಒಂದೇ ಹೆಸರು. ಆ ಹೆಸರು ಹಾಕಿ ಹುಡುಕಿದರೆ ಅವರದೆಲ್ಲ ಒಟ್ಟಿಗೆ ಸಿಗಬೇಕು.

ಕೇಳಲು ಸುಲಭ. ಆದರೆ ನಾಟಕದವರಿಗೆ ಎರಡೆರಡು ಹೆಸರು. ತಾಯಿ ತಂದೆ ಇಟ್ಟದ್ದೊಂದು, ಜನ ಇಟ್ಟದ್ದೊಂದು. ಮರಗಾಲು ಕಟ್ಟಿಕೊಂಡು ಕುಣಿಯುತ್ತಿದ್ದ ಒಬ್ಬರಿಗೆ ಕೊಕ್ಕರೆ ಎಂದು ಹೆಸರಾಗಿತ್ತು. ನನಗಿಂತ ಮೊದಲಿದ್ದವರು ಮರ್ಯಾದೆಗೆಂದು ಅವರನ್ನು ಪೂರ್ತಿ ಹೆಸರಿನಲ್ಲಿ, ಮನೆತನದ ಹೆಸರನ್ನೂ ಸೇರಿಸಿ ನಮೂದಿಸಿದ್ದರು. ಒಮ್ಮೆ ಅವರ ಹೆಂಡತಿಯೇ ಗಂಡನ ಫೋಟೋ ಹುಡುಕಿಕೊಂಡು ಬಂದರು. ನಾನು ಪರದೆಯಲ್ಲಿ ತೋರಿಸಿದ ಹೆಸರು ಓದಿ, "ಈ ಮಹಾನುಭಾವ ಯಾರಮ್ಮಾ? ನನ್ನ ಗಂಡ ಕೊಕ್ಕರೆ" ಅಂದರು. ಅವತ್ತೇ ನಮ್ಮ ಮುಖ್ಯಸ್ಥೆ ಒಂದು ನಿಯಮ ಮಾಡಿದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತೇವೆ. ನಿಯಮ ಇಷ್ಟೇ: ಜನ ಯಾವ ಹೆಸರಿನಿಂದ ಹುಡುಕುತ್ತಾರೋ ನಮೂದಿಗೂ ಅದೇ ಹೆಸರು. ಒಂದೇ ವಿನಾಯಿತಿ: ಕಲಾವಿದರು ಬದುಕಿದ್ದು, ತಾವೇ ಬಂದು, ಬೇರೆ ಹೆಸರು ಬೇಕೆಂದು ಹೇಳಿದರೆ ಅವರ ಮಾತೇ ಕೊನೆ.

"ನಮ್ಮದು ಹೆಸರು ಹಚ್ಚೋ ಕೆಲಸ ಅಷ್ಟೇ, ಹೆಸರಿಡೋ ಕೆಲಸ ಅಲ್ಲ," ಅನ್ನುತ್ತಿದ್ದರು ಮೇಡಂ.

ಹೀಗಿರುವಾಗ ಒಂದು ಕಂಪನಿಯ ಫೋಟೋ ಪೆಟ್ಟಿಗೆ ಬಂತು. ಮೂರನೆಯದೋ ನಾಲ್ಕನೆಯದೋ ಫೋಟೋದಲ್ಲಿ ಒಬ್ಬ ಹುಡುಗಿ ಏಣಿಯ ತುದಿಯಿಂದ ಬೀಳುತ್ತಿದ್ದಾಳೆ. ಮುಖಕ್ಕೆಲ್ಲ ಬಿಳಿ ಬಣ್ಣ, ಕಾಲು ಮೇಲೆ, ಜಡೆ ಗಾಳಿಯಲ್ಲಿ. ಹಿಂದೆ ಪೆನ್ಸಿಲಿನಲ್ಲಿ 'ಚೂಟಿ' ಎಂದಿತ್ತು. ನನ್ನ ದೊಡ್ಡಮ್ಮ. ಬಣ್ಣದ ಕೆಳಗೂ ಆ ಗದ್ದ ನನಗೆ ಗೊತ್ತು. ನನ್ನ ಅಮ್ಮನದೂ ಅದೇ ಗದ್ದ, ನನ್ನದೂ ಅದೇ.

ದೊಡ್ಡಮ್ಮ ಅಮ್ಮನ ಜೊತೆಯಲ್ಲೇ ಇದ್ದಳು, ಮೂರನೇ ಮಹಡಿಯ ಮನೆಯ ಹಿಂದಿನ ಕೋಣೆಯಲ್ಲಿ. ನಾನಿರುವುದು ಎರಡು ಬೀದಿ ಆಚೆ. ಅವತ್ತು ಕೆಲಸ ಬಿಟ್ಟವಳೇ ನೇರ ಅಲ್ಲಿಗೆ ಓಡಿದೆ. ಅವಳು ಹಾಸಿಗೆಯ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದಳು. ಅಮ್ಮ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು.

"ದೊಡ್ಡಮ್ಮ, ನೀನು ನಮ್ಮ ಕ್ಯಾಟಲಾಗಿನಲ್ಲಿ ಬಂದೆ! ಪೆಟ್ಟಿಗೆ ತುಂಬ ನಿನ್ನ ಫೋಟೋಗಳು. ಇವತ್ತೇ ನಿನ್ನ ನಮೂದು ಶುರುಮಾಡಿದೆ."

"ಯಾವ ಹೆಸರಿಗೆ?"

"ಚೂಟಿ ಅಂತ."

ಅವಳ ಕೈ ಮಂಡಿಯ ಮೇಲೆ ನಿಂತಿತು. ನಾನು ಏನೋ ಒಡೆದುಹಾಕಿದೆ ಅನ್ನಿಸಿತು, ಆದರೆ ಏನೆಂದು ಗೊತ್ತಾಗಲಿಲ್ಲ.

"ಅಲ್ಲೂ ಚೂಟೀನಾ," ಅಂದಳು.

"ಮತ್ತಿನ್ನೇನು ಅಂತ ಹಾಕ್ತಾರೆ, ಮಹಾರಾಣಿ ಅಂತಲಾ?" ಅಂದಳು ಅಮ್ಮ.

"ನನಗೊಂದು ಹೆಸರಿತ್ತು ಕಣೇ."

"ಈ ವಯಸ್ಸಲ್ಲಿ ಹೆಸರು ತಗೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ?"

"ಹಾಕಿದ್ರೆ ನಿನಗಂತೂ ಕೊಡಲ್ಲ ಬಿಡು."

ಆಮೇಲೆ ಅವಳು ಹೇಳಿದ್ದು ನನಗೆ ಅಲ್ಲಿಯವರೆಗೆ ಅರ್ಧ ಮಾತ್ರ ಗೊತ್ತಿತ್ತು. ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಅವಳನ್ನು ಕಂಪನಿಗೆ ಸೇರಿಸಿದರು. ಆಗ ಅವಳಿನ್ನೂ ಹಾಲುಹಲ್ಲು ಬೀಳುತ್ತಿದ್ದ ಮಗು. ನನ್ನ ಅಮ್ಮ ಅಜ್ಜಿಯ ಕಂಕುಳಲ್ಲಿದ್ದಳು. ಕಂಪನಿಯ ಮಾಲೀಕರು ಹೆಸರೇನು ಎಂದು ಕೇಳಿದರು. ಇವಳು ಹೇಳಿದಳು. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರಂತೆ. ಕಂಪನಿಯ ನಾಯಕಿಯ ಹೆಸರೂ ಅದೇ. ಆಗಲೇ ಊರೂರಲ್ಲಿ ಆ ಹೆಸರಿಗೆ ಜನ ಸಾಲು ನಿಲ್ಲುತ್ತಿದ್ದರು. ಮಾಲೀಕರು ಹೇಳಿದ್ದು ಇಷ್ಟು: "ಒಂದು ಕಂಪನಿಗೆ ಆ ಹೆಸರಿನವರು ಒಬ್ಬರೇ ಸಾಕು. ನೀನು ಚೂಟಿಯಾಗಿದೀಯ, ನೀನು ಚೂಟಿ."

"ಅಂಗಿ ಬದಲಾಯಿಸಿದ ಹಾಗೆ ಬದಲಾಯಿಸಿಬಿಟ್ರು," ಅಂದಳು ದೊಡ್ಡಮ್ಮ. "ಆ ಅಂಗಿ ವಾಪಸ್ ಕೊಡಲೇ ಇಲ್ಲ. ನಮ್ಮಮ್ಮ ಇರೋವರೆಗೂ ಅವಳೊಬ್ಬಳು ಕರೀತಿದ್ಲು. ಅವಳು ಹೋದ ಮೇಲೆ ಆ ಹೆಸರು ಯಾರ ಬಾಯಲ್ಲೂ ಕೇಳಿಲ್ಲ."

ಅದು ನಿಜ. ಅಮ್ಮ ಅವಳನ್ನು ಅಕ್ಕ ಎನ್ನುತ್ತಾಳೆ, ನಾನು ದೊಡ್ಡಮ್ಮ ಎನ್ನುತ್ತೇನೆ. ಹಿರಿಯರನ್ನು ಹೆಸರು ಹಿಡಿದು ಕರೆಯುವುದುಂಟೆ? ನೆರೆಹೊರೆಯವರಿಗೆ, ಅಂಗಡಿಯವರಿಗೆ ಅವಳು ಚೂಟಿ. ನಲವತ್ತು ವರ್ಷ ಅವಳು ವೇದಿಕೆಯ ಮೇಲೆ ಬಿದ್ದವಳು. ಏಣಿಯಿಂದ, ಕಿಟಕಿಯಿಂದ, ಕಪಾಟಿನ ಮೇಲಿಂದ, ಒಮ್ಮೊಮ್ಮೆ ಸುಮ್ಮನೆ ನಿಂತಲ್ಲಿಂದ. ಬೀಳುವಾಗ ಮುಖಕ್ಕೆ ಗೊತ್ತಾಗಬಾರದು, ಅದೇ ಗುಟ್ಟು ಎಂದು ನನಗೆ ಹೇಳಿಕೊಟ್ಟಿದ್ದಳು. ಮಂಡಿಗೆ ಮಾತ್ರ ಚೆನ್ನಾಗಿಯೇ ಗೊತ್ತಾಗಿತ್ತು.

"ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ. ನನಗೆ ಮೀಸೇನೇ ಇರಲಿಲ್ಲ, ಅದಕ್ಕೇ ಪೂರ್ತಿ ಮಣ್ಣಾದೆ," ಎಂದು ನಕ್ಕಳು. ಆಮೇಲೆ ನಗದೆ ನನ್ನ ಕಡೆ ನೋಡಿದಳು. "ಚೂಟಿ ಅಂತ ಕೂಗಿದವರೆಲ್ಲ ನಾನು ಬೀಳೋದನ್ನ ನೋಡೋಕೆ ಬಂದವರು. ಒಂದ್ಸಲ ನಿಜವಾಗಿ ಪಕ್ಕೆಲುಬು ಮುರೀತು. ಆವತ್ತೇ ಜಾಸ್ತಿ ಚಪ್ಪಾಳೆ. ಸತ್ತ ಮೇಲಾದ್ರೂ ನನಗೆ ನನ್ನ ಅಮ್ಮ ಇಟ್ಟ ಹೆಸರು ಬೇಕು ಮಗಳೇ. ನಿನ್ನ ಕೈಲಿ ಆಗುತ್ತಾ?"

ಆಗುತ್ತದೆ ಎಂದೆ. ಹೇಳುವ ಮೊದಲು ಇನ್ನೂ ಸ್ವಲ್ಪ ಯೋಚಿಸಬೇಕಿತ್ತೇನೋ. ಆದರೆ ಅವಳು ನನ್ನಲ್ಲಿ ಅಲ್ಲಿಯವರೆಗೆ ಏನನ್ನೂ ಕೇಳಿದವಳಲ್ಲ.

ಮೇಡಂ ವಿಷಯ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಕಷ್ಟದ ಮಾತು ಹೇಳುವಾಗ ಅವರು ಹಾಗೆ ಮಾಡುತ್ತಾರೆ.

"ನಿಮ್ಮ ದೊಡ್ಡಮ್ಮ ಅಂತ ನೀವು ಮಾಡಿದ್ರೆ ಅದು ಪಕ್ಷಪಾತ. ಅವರೇ ಬಂದು ಹೇಳಿದ್ರೆ ನಿಯಮ. ಕರ್ಕೊಂಡು ಬನ್ನಿ."

ಕರೆದುಕೊಂಡು ಬರುವುದು ಅಷ್ಟು ಸುಲಭವಿರಲಿಲ್ಲ. ಅಮ್ಮನ ಕಟ್ಟಡಕ್ಕೆ ಲಿಫ್ಟ್ ಇಲ್ಲ. ದೊಡ್ಡಮ್ಮ ಒಂದೊಂದು ಮೆಟ್ಟಿಲಿಗೂ ಕುಳಿತು, ಜಾರಿ, ಮುಂದಿನ ಮೆಟ್ಟಿಲಿಗೆ ಇಳಿದಳು. ಕೆಳಮನೆಯವರು ಬಾಗಿಲು ತೆರೆದು, "ಏನು ಚೂಟಕ್ಕ, ಹೊಸ ಪಾರ್ಟಾ?" ಅಂದರು. "ಹೂಂ, ಟಿಕೆಟ್ ತಗೊಂಡು ನೋಡಿ," ಅಂದಳು. ಕೆಳಗೆ ತಲುಪುವಷ್ಟರಲ್ಲಿ ಅವಳ ತುಟಿ ಬಿಳಿಚಿತ್ತು. ಆದರೆ ಮುಖಕ್ಕೆ ಏನೂ ಗೊತ್ತಿರಲಿಲ್ಲ.

ನೆಲಮಾಳಿಗೆಯಲ್ಲಿ ಅವಳನ್ನು ಕಂಡದ್ದೇ ಮೇಡಂ ಎದ್ದುನಿಂತರು. ನಾನು ಅವರನ್ನು ಹಾಗೆ ಕಂಡಿರಲಿಲ್ಲ, ಚಿಕ್ಕ ಹುಡುಗಿಯಂತೆ ಎರಡೂ ಕೈ ಕೆನ್ನೆಗಿಟ್ಟುಕೊಂಡು, "ಅಯ್ಯೋ, ಚೂಟಿ!" ಅಂದುಬಿಟ್ಟರು. ಮರುಕ್ಷಣ ನಾಲಿಗೆ ಕಚ್ಚಿಕೊಂಡರು. "ತಪ್ಪಾಯ್ತಮ್ಮ. ನಮ್ಮಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ನಿಮ್ಮನ್ನ ತೋರಿಸ್ತಿದ್ರು. ಆ ಏಣಿ! ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ವಿ."

"ನಿಮ್ಮ ಹೊಟ್ಟೆಗೆ ಬಂದದ್ದು ನನ್ನ ಮಂಡಿಗೂ ಬಂತು," ಅಂದಳು ದೊಡ್ಡಮ್ಮ. ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಅವಳು ತನ್ನ ಹುಟ್ಟುಹೆಸರನ್ನು ಸ್ಪಷ್ಟವಾಗಿ ಹೇಳಿದಳು. ಅದರ ಮುಂದೆ ಏನೂ ಇಲ್ಲ, ಹಿಂದೆ ಏನೂ ಇಲ್ಲ ಅನ್ನುವ ಹಾಗೆ.

ಮೇಡಂ ಆ ಹೆಸರನ್ನು ಕ್ಯಾಟಲಾಗಿನ ಯಂತ್ರಕ್ಕೆ ಹಾಕಿದರು. ಪರದೆಯ ಮೇಲೆ ಕಿರೀಟ ಧರಿಸಿದ ನಾಯಕಿ ಬಂದಳು. ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಅವಳ ಹೆಸರಿನಡಿ ನೂರಾರು ವಸ್ತು.

"ನೋಡಿ ಅಮ್ಮ, ಇದೇ ತೊಡಕು. ಒಂದೇ ಹೆಸರಿನ ಇಬ್ಬರಿದ್ರೆ ಪಕ್ಕದಲ್ಲಿ ಇನ್ನೊಂದು ಗುರುತು ಬೇಕು. ಸಾಮಾನ್ಯವಾಗಿ ಹುಟ್ಟಿದ ವರ್ಷ. ನಿಮ್ಮದು?"

ದೊಡ್ಡಮ್ಮ ಚೀಲದಿಂದ ಗುರುತಿನ ಚೀಟಿ ತೆಗೆದುಕೊಟ್ಟಳು. ಮೇಡಂ ಅದನ್ನು ನೋಡಿ, ನಾನು ಆಗಲೇ ನಮೂದಿಸಿದ್ದ ಅವಳ ನಾಟಕದ ಪೋಸ್ಟರಿನ ತಾರೀಕು ನೋಡಿ, ಮತ್ತೆ ಕನ್ನಡಕ ತೆಗೆದರು.

"ಈ ಚೀಟಿ ಪ್ರಕಾರ, ನೀವು ಹುಟ್ಟೋಕೆ ಎರಡು ವರ್ಷ ಮೊದಲೇ ಏಣಿಯಿಂದ ಬಿದ್ದಿದೀರಿ."

ದೊಡ್ಡಮ್ಮ ಜೋರಾಗಿ ನಕ್ಕಳು. ಅದರ ಹಿಂದಿನ ಸಂಗತಿ ಇದು: ಕಂಪನಿ ಊರಿಂದೂರಿಗೆ ಹೋಗುವಾಗ ಮಕ್ಕಳಿಗೆ ರೈಲಿನಲ್ಲಿ ಅರ್ಧ ಟಿಕೆಟ್. ಮ್ಯಾನೇಜರು ಇವಳ ವಯಸ್ಸನ್ನು ವರ್ಷ ವರ್ಷವೂ ಅಲ್ಲೇ ನಿಲ್ಲಿಸಿದರು. ಮುಂದೆ ಯಾರೋ ಕಾಗದ ಮಾಡಿಸುವಾಗ ಆ ಸುಳ್ಳು ವಯಸ್ಸಿನಿಂದ ಹಿಂದಕ್ಕೆ ಎಣಿಸಿ ಒಂದು ವರ್ಷ ಬರೆದರು. ನಿಜವಾದದ್ದು ಅಜ್ಜಿಗೆ ಗೊತ್ತಿತ್ತು. ಅಜ್ಜಿ ಈಗಿಲ್ಲ.

"ಸುಳ್ಳು ಅಂತ ಗೊತ್ತಿರೋ ವರ್ಷ ನಾನು ಹಾಕಲ್ಲ," ಅಂದರು ಮೇಡಂ. "ಹಾಕಿದ್ರೂ ಯಂತ್ರ ಒಪ್ಪಲ್ಲ. ಆವರಣ ಚಿಹ್ನೆ ಹಾಕಿ 'ಹಾಸ್ಯನಟಿ' ಅಂತ ಸೇರಿಸೋಣ್ವಾ?"

"ಬೇಡ."

"ಹೋಗಲಿ, ಸಣ್ಣದಾಗಿ 'ಚೂಟಿ' ಅಂತ? ಜನಕ್ಕೂ ಸಿಗ್ತೀರಿ, ನಿಮ್ಮ ಹೆಸರೂ ಇರುತ್ತೆ."

"ಪಕ್ಕದಲ್ಲೇ ಏಣಿ ಇಟ್ಟು ಹತ್ತು ಅಂದ ಹಾಗಾಯ್ತು," ಅಂದಳು ದೊಡ್ಡಮ್ಮ. "ಆಕೆಗೆ ಇಲ್ಲದ ಬಾಲ ನನಗ್ಯಾಕೆ? ಹೆಸರೊಂದೇ ಸಾಕು."

ಮೇಡಂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಗುರುತಿಲ್ಲದ ನಮೂದು ಅಪಾಯ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ನಮ್ಮ ನೆಲಮಾಳಿಗೆಯ ಯಂತ್ರದಲ್ಲಿ ಎರಡೂ ಅಕ್ಕಪಕ್ಕ ಇರಬಹುದಿತ್ತು, ನೋಡಿಕೊಳ್ಳಲು ನಾವಿದ್ದೆವು. ಕೊನೆಗೆ ಮೇಡಂ, "ಅವರು ಬಂದು ಹೇಳಿದಾರೆ. ನಿಯಮ ನಿಯಮವೇ. ಟೈಪ್ ಮಾಡಿ," ಅಂದರು.

ಮಾಡಿದೆ. 'ಚೂಟಿ' ಹೋಯಿತು, ಆ ಹೆಸರು ಬಂತು. ಏಣಿಯ ಫೋಟೋಗಳೆಲ್ಲ ಅದರ ಕೆಳಗೆ ಬಂದು ಕೂತವು.

"ಓದು," ಅಂದಳು ದೊಡ್ಡಮ್ಮ.

ಹುಟ್ಟಿದಾರಭ್ಯ ದೊಡ್ಡಮ್ಮನಿಗೆಂದು ಆಡದ ಹೆಸರು. ನಾಲಿಗೆ ತಡವರಿಸಿತು. ಓದಿದೆ.

"ಇನ್ನೊಂದ್ಸಲ."

ಮತ್ತೆ ಓದಿದೆ. ಅವಳು ಕಣ್ಣು ಮುಚ್ಚಿಕೊಂಡು, ಯಾರೋ ಕರೆದರೆ ಓಗೊಡುವಂತೆ, "ಆಂ" ಅಂದಳು. ಇಡೀ ವಿಷಯದಲ್ಲಿ ಒಳ್ಳೆಯದು ಎಂದು ಹೇಳಬಹುದಾದದ್ದು ಅದೊಂದೇ.

ಆ ವರ್ಷ ಮುಗಿಯುವುದರೊಳಗೆ ಎಲ್ಲ ಗ್ರಂಥಾಲಯಗಳ ಕ್ಯಾಟಲಾಗನ್ನೂ ಒಟ್ಟುಗೂಡಿಸಿ ಕೇಂದ್ರ ಕಚೇರಿಯವರು ಒಂದೇ ಮಾಡಿದರು. ಇನ್ನು ಮೇಲೆ ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು ಎಂದು ಸುತ್ತೋಲೆ ಬಂತು. ಸಂತೋಷವಾಯಿತು. ಮೊದಲ ದಿನವೇ ದೊಡ್ಡಮ್ಮನ ಹೆಸರು ಹಾಕಿದೆ. ನಾಯಕಿ ಒಬ್ಬಳೇ ಬಂದಳು.

ಕಿರೀಟದ ಫೋಟೋದಿಂದ ಕೆಳಕ್ಕೆ ಇಳಿಯುತ್ತಾ ಹೋದೆ. ಸಿಂಹಾಸನ, ಹಾರ, ಕಣ್ಣೀರು. ಅವುಗಳ ನಡುವೆ ಏಣಿ. ಜಡೆ ಗಾಳಿಯಲ್ಲಿ, ಕಾಲು ಮೇಲೆ. ಒಂದೇ ಹೆಸರಿನ ಎರಡು ನಮೂದು ಕಂಡ ಯಂತ್ರ, ಗುರುತಿಲ್ಲದ ಚಿಕ್ಕದನ್ನು ಗುರುತಿರುವ ದೊಡ್ಡದರೊಳಗೆ ಸೇರಿಸಿತ್ತು. ಎರಡೆರಡು ಸಲ ಬಂದದ್ದನ್ನು ಒಂದು ಮಾಡುವುದೇ ಅದಕ್ಕೆ ಕೊಟ್ಟ ಕೆಲಸ. ಏಣಿಯ ಕೆಳಗೆ ಹೊಸ ವಿವರಣೆಯೂ ಇತ್ತು. ಅಲ್ಲಿ ಯಾರೋ ಶ್ರದ್ಧೆಯಿಂದ ಬರೆದಿದ್ದರು: 'ಮಹಾನಟಿಯ ಅಪರೂಪದ ಹಾಸ್ಯ ಪಾತ್ರ'.

'ಚೂಟಿ' ಎಂದು ಹಾಕಿ ನೋಡಿದೆ. ಏನೂ ಸಿಗಲಿಲ್ಲ. ಆ ನಮೂದನ್ನು ಅಳಿಸಿದವಳು ನಾನೇ.

ಮೇಡಂ ಕೇಂದ್ರಕ್ಕೆ ಫೋನು ಮಾಡಿದರು. ಪತ್ರ ಬರೆದರು. ಇಬ್ಬರೂ ಬೇರೆ ಎಂದು ನಾವು ಬಲ್ಲೆವು, ಅವರಲ್ಲೊಬ್ಬರು ನಮ್ಮ ಕಣ್ಣೆದುರೇ ಬಂದು ಕೂತಿದ್ದರು ಎಂದರು. ಆಚೆಯವರು ಮರ್ಯಾದೆಯಿಂದಲೇ ಮಾತಾಡಿದರು. ಬೇರೆ ಮಾಡಬಹುದು, ಖಂಡಿತ; ಹೆಸರಿನ ಪಕ್ಕಕ್ಕೆ ಒಂದು ಗುರುತು ಕೊಡಿ. ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಇಲ್ಲವೇ ಇನ್ನೊಂದು ಹೆಸರು. ಇನ್ನೊಂದು ಹೆಸರು ಕೊಟ್ಟರೆ ನಾಳೆಯೇ ಆಗುತ್ತದೆ.

"ಚೂಟಿ ಅಂತ ಕೊಟ್ಟುಬಿಡಲಾ?" ಎಂದು ಕೇಳಿದರು ಮೇಡಂ, ಫೋನಿಗೆ ಕೈ ಅಡ್ಡ ಹಿಡಿದು.

"ಬೇಡ ಅಂದಿದ್ರು ಮೇಡಂ. ನಿಮ್ಮೆದುರೇ ಅಂದಿದ್ರು."

"ಗೊತ್ತು. ಅದಕ್ಕೇ ಕೇಳ್ತಿದೀನಿ." ಫೋನು ಇಟ್ಟ ಮೇಲೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಹುಟ್ಟಿದ ವರ್ಷ ಯಾರಿಗೂ ಗೊತ್ತಿಲ್ಲ. ಇನ್ನೊಂದು ವರ್ಷ... ಅದು ಬಂದಾಗ ಗೊತ್ತಾಗುತ್ತೆ. ಹೇಳಬಾರದು, ಆದ್ರೆ ಅದರಲ್ಲಿ ಯಾವ ಅನುಮಾನಾನೂ ಇರಲ್ಲ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನಗೂ ಅದೇ ಹೊಳೆದಿತ್ತು.

ಅಮ್ಮನಿಗೆ ಎಲ್ಲ ಹೇಳಿದೆ. ಅಡುಗೆಮನೆಯಲ್ಲಿ, ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ. ಹಿಂದಿನ ಕೋಣೆಯಿಂದ ದೊಡ್ಡಮ್ಮನ ಕೆಮ್ಮು ಕೇಳುತ್ತಿತ್ತು.

"ಅಂದ್ರೆ ಈಗ ನೀನು ಅವಳು ಸಾಯೋದನ್ನ ಕಾಯ್ತಿದೀಯಾ?" ಅಂದಳು ಅಮ್ಮ.

"ಹಾಗನ್ನಬೇಡಮ್ಮ."

"ಹಾಗಲ್ಲದೆ ಹೇಗನ್ನಲಿ? ಚೂಟಿ ಅಂತ ಇದ್ದಾಗ ಪೆಟ್ಟಿಗೆ ತುಂಬ ಇದ್ಲು. ಈಗ ಆ ಹೆಸರೂ ಇಲ್ಲ, ಈ ಹೆಸರೂ ಇಲ್ಲ. ಕೇಳಿದ್ದು ಕೊಡ್ತೀನಿ ಅಂತ ಇದ್ದದ್ದನ್ನೂ ಕಿತ್ಕೊಂಡೆ. ನೀನು ಓದಿದ್ದು ಹೆಚ್ಚಾಯ್ತೋ ಕಡಿಮೆಯಾಯ್ತೋ ನನಗಂತೂ ಗೊತ್ತಾಗ್ತಿಲ್ಲ."

ನನಗೂ ಗೊತ್ತಾಗಲಿಲ್ಲ. ಅಮ್ಮನೇ ನಲ್ಲಿ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಂಡು, "ಅವಳ ಕಿವಿಗೆ ಬೀಳದ ಹಾಗೆ ನೋಡ್ಕೋ. ಖುಷಿಯಾಗಿದಾಳೆ," ಅಂದಳು.

ಖುಷಿಯಾಗಿದ್ದಳು, ನಿಜ. ಚೂಟಿ ಎಂದು ಕರೆದರೆ ಈಗ ಮುನಿಯುತ್ತಿರಲಿಲ್ಲ. ಕರೆಯಲಿ ಬಿಡು, ಬರೆಯುವಲ್ಲಿ ಬರೆದಾಗಿದೆ ಅನ್ನುತ್ತಿದ್ದಳು. ನಾನು ಹೋದಾಗಲೆಲ್ಲ, "ನಮ್ಮ ನಮೂದು ಹೇಗಿದೆ?" ಎಂದು ಕೇಳುತ್ತಿದ್ದಳು, ನೆಂಟರ ಮಗುವನ್ನು ವಿಚಾರಿಸುವ ಹಾಗೆ. ಚೆನ್ನಾಗಿದೆ ಅನ್ನುತ್ತಿದ್ದೆ.

ಚಳಿಗಾಲದಲ್ಲಿ ಕೆಮ್ಮು ಎದೆಗಿಳಿಯಿತು. ಆಸ್ಪತ್ರೆಗೆ ಸೇರಿಸಿದೆವು. ಮಂಚದ ತಲೆಯ ಬಳಿ ಹಲಗೆಯ ಮೇಲೆ ಗುರುತಿನ ಚೀಟಿಯಲ್ಲಿದ್ದ ಹೆಸರನ್ನು, ಅಂದರೆ ಅವಳ ಹುಟ್ಟುಹೆಸರನ್ನು, ದೊಡ್ಡದಾಗಿ ಬರೆದರು. ನರ್ಸುಗಳು ಆ ಹೆಸರಿನಿಂದಲೇ ಕರೆದರು. ಇಷ್ಟು ವರ್ಷ ಯಾರ ಬಾಯಲ್ಲೂ ಬಾರದ ಹೆಸರು ಅಲ್ಲಿ ದಿನವಿಡೀ, ಮಾತ್ರೆ ಕೊಡುವಾಗ, ಹಾಸಿಗೆ ಬದಲಿಸುವಾಗ ಕೇಳಿಸುತ್ತಿತ್ತು. ಆದರೆ ಹೊಸದಾಗಿ ಪಾಳಿಗೆ ಬಂದವರೆಲ್ಲ ಹಲಗೆ ನೋಡಿ ಅದೇ ಮಾತು ಆಡುತ್ತಿದ್ದರು: "ಓ, ಆ ದೊಡ್ಡ ನಟಿ ಹೆಸರು ಅಲ್ವಾ ಅಜ್ಜಿ? ಅವರ ಅಭಿಮಾನಕ್ಕೆ ಇಟ್ಟಿದ್ರಾ?"

"ಇಲ್ಲಮ್ಮ, ನಮ್ಮಮ್ಮ ನಾಟಕ ನೋಡಿದವಳೇ ಅಲ್ಲ," ಅನ್ನುತ್ತಿದ್ದಳು ದೊಡ್ಡಮ್ಮ. ಅವರು ಅಷ್ಟರಲ್ಲಿ ಮುಂದಿನ ಮಂಚಕ್ಕೆ ಹೋಗಿರುತ್ತಿದ್ದರು.

ಒಂದು ಮಧ್ಯಾಹ್ನ ನಾನು ಬ್ರೆಡ್ಡು ಹಾಲಿನಲ್ಲಿ ನೆನೆಸುತ್ತಿದ್ದೆ. ಅವಳು ನನ್ನ ಮೊಣಕೈ ಹಿಡಿದಳು.

"ಕ್ಯಾಟಲಾಗು ಈಗ ಫೋನಲ್ಲೇ ಬರುತ್ತಂತಲ್ಲ? ಆ ನರ್ಸ್ ಹೇಳಿದ್ಲು. ತೋರಿಸು."

"ಇಲ್ಲಿ ಸರಿಯಾಗಿ ಬರಲ್ಲ ದೊಡ್ಡಮ್ಮ."

"ಬರುತ್ತೆ. ಆ ಕಡೆ ಮಂಚದವಳ ಮೊಮ್ಮಗಳು ಸಿನಿಮಾನೇ ನೋಡ್ತಾಳೆ."

ಸುಳ್ಳು ಹೇಳುವುದರಲ್ಲಿ ನಾನು ಯಾವತ್ತೂ ಜಾಣೆಯಲ್ಲ. ಹೆಸರು ಹಾಕಿದೆ. ಕಿರೀಟ ಬಂತು. ಪರದೆಯನ್ನು ನನ್ನ ಕಡೆಗೇ ತಿರುಗಿಸಿಕೊಂಡು ಬೆರಳಿನಿಂದ ಸರಸರ ಕೆಳಕ್ಕೆ ಇಳಿಸಿ, ಏಣಿಯ ಫೋಟೋ ಬಂದಾಗ ನಿಲ್ಲಿಸಿ, ವಿವರಣೆ ಕಾಣದಷ್ಟು ಸರಿಸಿ, ಅವಳ ಕೈಗೆ ಕೊಟ್ಟೆ. ಅವಳ ಕಣ್ಣಿನಲ್ಲಿ ಪೊರೆ ಬೆಳೆದಿತ್ತು. ಫೋನನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡಳು. ಹಿಡಿತ ಸಾಲದೆ ಹೆಬ್ಬೆರಳು ಪರದೆಯ ಮೇಲೆ ಅತ್ತಿತ್ತ ಹೋಗುತ್ತಿತ್ತು. ಚಿತ್ರ ಸರಿಯುತ್ತಿದೆ ಎಂದು ಅವಳ ಕೆನ್ನೆಯ ಮೇಲೆ ಬದಲಾಗುತ್ತಿದ್ದ ಬೆಳಕಿನಿಂದ ನನಗೆ ಕಾಣುತ್ತಿತ್ತು. ಕಿತ್ತುಕೊಳ್ಳಬೇಕು ಅನ್ನಿಸಿತು, ಕಿತ್ತುಕೊಳ್ಳಲಿಲ್ಲ. ಅವಳು ಬಹಳ ಹೊತ್ತು ನೋಡಿದಳು.

"ಚೆನ್ನಾಗಿದಾಳೆ," ಅಂದಳು.

ಫೋನು ಮಗುಚಿ ಎದೆಯ ಮೇಲಿಟ್ಟುಕೊಂಡಳು. ನಾನು ಎತ್ತಿಕೊಳ್ಳುವಷ್ಟರಲ್ಲಿ ಪರದೆ ಆರಿತ್ತು. ಮತ್ತೆ ಹೊತ್ತಿಸಿದರೆ ಮೊದಲ ಪುಟಕ್ಕೇ ಹೋಗಿತ್ತು. ಅವಳು ಬ್ರೆಡ್ಡು ತಿಂದಳು. ಬೇರೆ ಏನೂ ಕೇಳಲಿಲ್ಲ. ಅದಾದ ಮೇಲೆ ನಮೂದು ಹೇಗಿದೆ ಎಂದೂ ಕೇಳಲಿಲ್ಲ. ಮಾತೇ ಕಡಿಮೆಯಾಗಿತ್ತು. ಮುಂದಿನ ವಾರ ಬೆಳಗಿನ ಹೊತ್ತು ಹೋದಳು, ಅಮ್ಮ ಅವಳ ಪಾದ ಉಜ್ಜುತ್ತಿದ್ದಾಗ.

ಮಣ್ಣು ಮಾಡಲು ಬಂದವರು ಕೆಲವರೇ. ಮೇಡಂ ಬಂದಿದ್ದರು. ಕೆಳಮನೆಯವರು ಅಮ್ಮನ ಕೈ ಹಿಡಿದುಕೊಂಡು, "ಚೂಟಕ್ಕ ನಮ್ಮನ್ನೆಲ್ಲ ಎಷ್ಟು ನಗಿಸಿದ್ರು," ಅಂದರು. ಅಮ್ಮ ಅವರಿಗೆ ಏನೋ ಹೇಳಲು ಬಾಯಿ ತೆರೆದಳು. ಆ ಹೆಸರನ್ನೇ ಹೇಳುತ್ತಾಳೆ ಎಂದುಕೊಂಡೆ. ಅಭ್ಯಾಸವಿಲ್ಲದ ನಾಲಿಗೆ, ಅವಳು "ನಮ್ಮಕ್ಕ" ಎಂದಷ್ಟೇ ಅಂದಳು.

ಕೆಲಸಕ್ಕೆ ಮರಳಿದ ದಿನ ನಾನು ತೀರಿಕೊಂಡ ವರ್ಷವನ್ನು, ಆಸ್ಪತ್ರೆ ಕೊಟ್ಟ ಪ್ರಮಾಣಪತ್ರದ ಪ್ರತಿಯನ್ನು ಕೇಂದ್ರಕ್ಕೆ ಕಳಿಸಿದೆ. ಹೀಗೆ ಬರೆಯುವುದು ಸರಿಯಲ್ಲವೇನೋ, ಆದರೆ ಕಳಿಸುವಾಗ ನನ್ನ ಮನಸ್ಸು ಹಗುರವಾಗಿತ್ತು. ಕೊನೆಗೂ ಒಂದು ವರ್ಷ ಸಿಕ್ಕಿತಲ್ಲ ಎಂದು. ಉತ್ತರ ಬೇಗನೇ ಬಂತು. ನೀವು ಕಳಿಸಿದ ಮಾಹಿತಿಗೆ ಧನ್ಯವಾದ. ಈ ಕಲಾವಿದೆ ಬಹಳ ಹಿಂದೆಯೇ ತೀರಿಕೊಂಡಿರುವುದು ನಮ್ಮಲ್ಲಿ ದೃಢಪಟ್ಟಿದೆ. ಒಬ್ಬರಿಗೆ ಎರಡು ಮರಣದ ವರ್ಷ ಇರುವಂತಿಲ್ಲವಾದ್ದರಿಂದ ನಿಮ್ಮ ತಿದ್ದುಪಡಿಯನ್ನು ಕೈಬಿಡಲಾಗಿದೆ.

ಮೇಡಂ ಅದನ್ನು ಓದಿ ಕನ್ನಡಕ ತೆಗೆಯಲಿಲ್ಲ. ಫೋನು ಎತ್ತಿಕೊಂಡು ಮೊದಲ ಸಲ ಜೋರಾಗಿ ಮಾತಾಡಿದರು. ಆಚೆಯವರು ಮತ್ತೆ ಮರ್ಯಾದೆಯಿಂದಲೇ ಹೇಳಿದರು: ಮೊದಲು ಬೇರೆ ನಮೂದು ಇರಬೇಕು, ಆಮೇಲೆ ಅದಕ್ಕೆ ವರ್ಷ. ಬೇರೆ ನಮೂದಿಗೆ ಇನ್ನೊಂದು ಹೆಸರು ಕೊಡಿ. ಸಾಕು.

"ಇನ್ನು ನಿಮಗೆ ಬಿಟ್ಟದ್ದು," ಅಂದರು ಮೇಡಂ. "ಮನೆಯವರು ನೀವು. ಬದುಕಿರೋವರೆಗೆ ಅವರ ಮಾತು. ಈಗ ನಿಯಮ ಏನೂ ಹೇಳಲ್ಲ."

ಅಮ್ಮನನ್ನು ಕೇಳಿದೆ. "ಚೂಟಿ ಅಂತ ಹಾಕು. ಎಲ್ಲಾದ್ರೂ ಒಂದು ಕಡೆ ಇರ್ಲಿ," ಅಂದಳು. ಮಾರನೇ ದಿನ ಬೆಳಿಗ್ಗೆ ತಾನೇ ಫೋನು ಮಾಡಿ, "ಬೇಡ, ತಡಿ," ಅಂದಳು. ಮತ್ತೆ ಆ ವಿಷಯ ಎತ್ತಿಲ್ಲ.

ತಿದ್ದುಪಡಿಯ ಪುಟ ನನ್ನ ಪರದೆಯಲ್ಲಿ ಆಗಾಗ ತೆರೆಯುತ್ತೇನೆ. ಎರಡಕ್ಷರ ಬರೆದರೆ ಅವಳು ನಾಯಕಿಯಿಂದ ಬಿಡಿಸಿಕೊಂಡು ಹೊರಗೆ ಬರುತ್ತಾಳೆ, ಅವಳು ಬೇಡವೆಂದ ಹೆಸರಿನಲ್ಲಿ. ಬರೆಯದಿದ್ದರೆ ಅವಳು ಕೇಳಿದ ಹೆಸರಿನಲ್ಲೇ ಇರುತ್ತಾಳೆ, ಯಾರೂ ಅವಳೆಂದು ತಿಳಿಯದ ಹಾಗೆ. ಇನ್ನೂ ಬರೆದಿಲ್ಲ.

ಆ ಮಧ್ಯಾಹ್ನ ಅವಳ ಹೆಬ್ಬೆರಳಿನ ಕೆಳಗೆ ಯಾವ ಚಿತ್ರ ಬಂದು ನಿಂತಿತ್ತು ಎಂದು ಗೊತ್ತಿದ್ದರೆ ನಿರ್ಧಾರ ಮಾಡಬಹುದಿತ್ತೇನೋ. ಏಣಿಯೋ, ಕಿರೀಟವೋ. ಚೆನ್ನಾಗಿದ್ದಾಳೆ ಎಂದು ಅವಳು ತನ್ನನ್ನೇ ನೋಡಿ ಹೇಳಿದಳೋ, ತನ್ನ ಜಾಗದಲ್ಲಿ ಕೂತವಳನ್ನು ನೋಡಿಯೂ ಹೇಳಿದಳೋ. ಮುಖದಿಂದ ತಿಳಿಯುವಂತಿರಲಿಲ್ಲ. ಅವಳನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ. ನನಗೆ ಗೊತ್ತಿಲ್ಲ.